ಲಗಮಪ್ಪನ ಕೂಗು ಹುಡುಕಿದ ಮಳೆಗಾಲ

ಮೊನ್ನೆ ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬರು ಒದ್ದೆ ಕಂಬಳಿ ಹೊದ್ದು ಬಂದು ಕುಳಿತರು. ಹೊರಗೆ ಜಿಟಿಜಿಟಿ ಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು. ನೆನೆದ ಕುರಿ ಉಣ್ಣೆಯ ವಾಸನೆ ಬಸ್ಸಿಗೆಲ್ಲ ಹಬ್ಬಿತು. ಮುಂದಿನ ಸೀಟಿನ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಮತ್ತೆ ಮತ್ತೆ ಉಸಿರೆಳೆದುಕೊಂಡೆ. ನನಗೆ ಆ ವಾಸನೆಯೆಂದರೆ ದತ್ತಾನ ಸ್ಟುಡಿಯೋ, ಒಂದು ಹಟಮಾರಿ ಕಂಪ್ಯೂಟರು, ಮೂಲೆಯಲ್ಲಿ ಕಂಬಳಿ ಹಾಸಿ ಕುಳಿತ ಲಗಮಪ್ಪ ಮತ್ತು ಬಾಳವ್ವ.

ನಾನು ಮೊದಲಿನಿಂದಲೂ ಒಂದು ಕಡೆ ನಿಲ್ಲುವ ಜೀವವಲ್ಲ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲಲಾರೆ. ಬಸ್ಸು ತಡವಾದರೆ ಅದು ಬರುವ ದಿಕ್ಕಿಗೆ ನಾನೇ ನಾಲ್ಕು ಹೆಜ್ಜೆ ನಡೆದುಬಿಡುತ್ತೇನೆ, ನಡೆದರೆ ಅದು ಬೇಗ ಬಂದೀತು ಎಂಬಂತೆ. "ಇಕಿ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಯಾಳ" ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ನನ್ನದು. ಆದರೆ ಗುಜರಿಗೆ ಹೋಗಬೇಕಾದ ಹಳೆಯ ಯಂತ್ರಗಳಿಗೆ ಜೀವ ಕೊಡುವ ಹುಚ್ಚು ಒಂದಿತ್ತು. ಇಷ್ಟು ಚಡಪಡಿಕೆಯ ಹೆಂಗಸಿಗೆ ಅಷ್ಟು ತಾಳ್ಮೆ ಬೇಡುವ ಹುಚ್ಚು ಯಾಕೆ ಹತ್ತಿತೋ, ದೇವರೇ ಬಲ್ಲ.

ಆ ವರ್ಷ ಜೂನಿನ ಮಿರಗದ ಮಳೆ ಬೀಳುವ ಹೊತ್ತಿಗೆ ನಿಪ್ಪಾಣಿಯಿಂದ ದತ್ತಾನ ಫೋನು ಬಂತು. ಹಳೆಯ ತಂಬಾಕಿನ ಗೋದಾಮಿನ ಹಿಂದಿನ ಕೋಣೆಯಲ್ಲಿ ಅವನ ಹಾಡಿನ ಸ್ಟುಡಿಯೋ. ಮನೆಮಾತು ಮರಾಠಿ, ರೆಕಾರ್ಡು ಮಾಡುವುದು ಹೆಚ್ಚಾಗಿ ಕನ್ನಡದ ಹಾಡು. "ಮ್ಯಾಡಮ್, ನನ್ನ ಮಶೀನ್ ಕೂತಬಿಟ್ಟೈತ್ರಿ. ಒಮ್ಮೆ ಬಂದು ನೋಡ್ರಿ. ನನ್ನ ಸಲುವಾಗಿ ಅಲ್ಲ, ಇಲ್ಲಿ ಇಬ್ಬರು ಬಂದು ಕುಂತಾರ" ಎಂದ.

ಹೋದೆ. ಗೋಡೆಗಳಿಗೆ ಗದ್ದಲ ತಡೆಯಲೆಂದು ಕೋಳಿ ತತ್ತಿಯ ಟ್ರೇಗಳನ್ನು ಅಂಟಿಸಿದ್ದ. "ಜೈನರ ಮನೀ ಹೆಣಮಗಳನ್ನ ಎಂಥಾ ಜಾಗಾಕ್ಕ ಕರದಿಯೋ ಮಾರಾಯಾ" ಎಂದು ನಾನು ಛೇಡಿಸಿದರೆ, "ಖಾಲಿ ಅದಾವ್ರೀ, ಪಾಪ ಹತ್ತಾಂಗಿಲ್ಲ" ಎಂದು ನಕ್ಕ. ಮೂಲೆಯಲ್ಲಿ ಕಂಬಳಿಯ ಮೇಲೆ ಗಂಡ ಹೆಂಡತಿ ಕುಳಿತಿದ್ದರು. ಬೇಡಕಿಹಾಳದ ಕುರಿಗಾರರು. ಲಗಮಪ್ಪನ ಹೆಸರು ನನಗೂ ಗೊತ್ತಿತ್ತು. ಡೊಳ್ಳಿನ ಹಾಡಿನಲ್ಲಿ ಅವನ ದನಿ ಎದ್ದರೆ ಡೊಳ್ಳೇ ತಗ್ಗಿ ಕೇಳಬೇಕು, ಅಂಥ ಗಂಟಲು. ಈಗ ಕೊರಳಿಗೆ ಒಂದು ಬಿಳಿ ಅರಿವೆ ಸುತ್ತಿಕೊಂಡಿದ್ದ. ಹಿಂದಿನ ವರ್ಷ ಗಂಟಲಲ್ಲಿ ಗಡ್ಡೆಯಾಗಿ ಆಪರೇಷನ್ ಆಗಿತ್ತು. ಜೀವ ಉಳಿಯಿತು, ದನಿ ಹೋಯಿತು. ಉಸಿರಾಟ ಕೊರಳಿನ ತೂತಿನಿಂದ. ಹೌದೆನ್ನಲು ಕೋಲನ್ನು ನೆಲಕ್ಕೆ ಕುಟ್ಟುತ್ತಿದ್ದ, ಅಲ್ಲವೆನ್ನಲು ಅಂಗೈ ಆಡಿಸುತ್ತಿದ್ದ.

"ಹಾಡು ತಗದ ಕೊಡಬೇಕೇನು?" ಎಂದೆ.

ಅವನ ಅಂಗೈ ಆಡಿತು. ಬಾಳವ್ವ ಮಾತಾಡಿದಳು. "ಹಾಡು ಬ್ಯಾಡ್ರಿ ಬಾಯಾರ. ಹಾಡು ಎಲ್ಲಾರ ಮೊಬೈಲಿನ್ಯಾಗ ಅದಾವು. ನಮಗ ಇವರ ಕೂಗು ಬೇಕ್ರಿ. ಕುರಿ ಕರಿಯೂ ಕೂಗು."

ದತ್ತಾ ಬಿಡಿಸಿ ಹೇಳಿದ. ಬೇರೆ ಹಾಡುಗಾರರು ಮೈಕಿನ ಮುಂದೆ ನಿಂತು ಹಲೋ ಹಲೋ ಎಂದು ಪರೀಕ್ಷೆ ಮಾಡಿದರೆ, ಲಗಮಪ್ಪ ಕುರಿ ಕರೆಯುತ್ತಿದ್ದನಂತೆ. ನಾಲಗೆಯನ್ನು ಅಂಗುಳಿಗೆ ಹಚ್ಚಿ ಡುರ್ರ್ ಎಂದು ನಡುಗಿಸಿ, ಆಮೇಲೆ ಒಂದು ಉದ್ದನೆಯ ಹೋಽ. ಅದೇ ಅವನ ಬೋಣಿಗೆ. ಅದಿಲ್ಲದೆ ರೆಕಾರ್ಡಿಂಗ್ ಸುರುವೇ ಆಗುತ್ತಿರಲಿಲ್ಲ. ಹಾಡು ಹೊರಗೆ ಬಿಡುವಾಗ ದತ್ತಾ ಆ ತುಂಡನ್ನು ಕತ್ತರಿಸುತ್ತಿದ್ದ. ಪೂರ್ತಿ ರೆಕಾರ್ಡು ಇದ್ದದ್ದು ಕೆಟ್ಟು ಕುಳಿತ ಆ ಯಂತ್ರದ ಡಿಸ್ಕುಗಳಲ್ಲಿ ಮಾತ್ರ.

"ನಮ್ಮ ಹಿಂಡ ಇವರ ಕೂಗಿಗಷ್ಟ ಬರ್ತೈತ್ರಿ" ಎಂದಳು ಬಾಳವ್ವ. "ಇವರು ಮುಂದ ನಡಕೋತ ಕೂಗ್ತಿದ್ರು. ನಾ ಹಿಂದ, ಕಟ್ಟಕಡೀಕ ಇರ್ತಿದ್ನಿ. ಯಾವೂ ಹಿಂದ ಉಳದಿಲ್ಲ ಅಂತ ನೋಡಿ 'ಬಂದಾವೋ' ಅಂತ ತಿರುಗಿ ಕೂಗ್ತಿದ್ನಿ. ಅದನ್ನ ಕೇಳೇ ಇವರು ಮುಂದ ಹೆಜ್ಜಿ ಇಡೂದು. ಹ್ವಾದ ವರ್ಷ ಮೈದುನ ಮುಂದ ನಡದ. ಕುರಿ ಆ ಕಡೆ ಒಂದು, ಈ ಕಡೆ ಒಂದು. ನಾ ಯಾರಿಗೆ ಬಂದಾವೋ ಅನ್ಲಿ, ಹೇಳ್ರಿ?"

ಕಾರ ಹುಣ್ಣಿಮೆ ಮುಗಿದ ಮೇಲೆ ದೂಧಗಂಗಾ ನದಿ ದಂಡೆಯ ಕೆಸರು ಬಿಟ್ಟು ಹಿಂಡಿನ ಜೊತೆ ರಾಯಬಾಗ ದಾಟಿ ಅಥಣಿಯ ಒಣ ನೆಲಕ್ಕೆ ಹೋಗುವುದು ಅವರ ಪದ್ಧತಿ. ಮೈದುನ ಈ ಸಲ ತಾನು ಬರುವುದಿಲ್ಲ, ಎಲ್ಲ ಮಾರಿಬಿಡೋಣ ಎಂದು ಕೂತಿದ್ದ. ವ್ಯಾಪಾರಿಯೂ ಬಂದು ನೋಡಿ ಹೋಗಿದ್ದ. ಕೂಗು ಸಿಕ್ಕರೆ ಹಿಂಡು ಉಳಿಯುತ್ತದೆ, ಸಿಗದಿದ್ದರೆ ಟೆಂಪೋ ಹತ್ತುತ್ತದೆ. ಅಷ್ಟೇ ವಿಷಯ.

"ವಾರದಾಗ ತಗದ ಕೊಡ್ತೀನಿ" ಎಂದುಬಿಟ್ಟೆ. ಬಾಯಿಗೆ ಬೀಗವಿದ್ದರೆ ನಾನು ನಾನಾಗಿರುತ್ತಿದ್ದೆನೇ!

ಯಂತ್ರ ಬಿಚ್ಚಿ ನೋಡಿದಾಗ ಗೊತ್ತಾಯಿತು ನಾನು ಎಲ್ಲಿಗೆ ಬಂದು ಸಿಕ್ಕಿಕೊಂಡೆನೆಂದು. ಅದು ಈಗಿನ ಕಂಪ್ಯೂಟರುಗಳ ಜಾತಿಯದೇ ಅಲ್ಲ. ದತ್ತಾ ಎಂದೋ ಕೊಲ್ಹಾಪುರದಲ್ಲಿ ಯಾರದೋ ಸ್ಟುಡಿಯೋ ಮುಚ್ಚುವಾಗ ತಂದದ್ದು. ಪ್ರೊಸೆಸರೇ ಬೇರೆ ಕುಲ, ಅದರ ಲೆಕ್ಕದ ರೀತಿಯೇ ಬೇರೆ. ಯಂತ್ರವನ್ನು ಎಬ್ಬಿಸುವ ಡಿಸ್ಕು ಸತ್ತಿತ್ತು. ಹಾಡುಗಳಿದ್ದ ಡಿಸ್ಕುಗಳು ಗಟ್ಟಿಯಾಗಿದ್ದವು, ಆದರೆ ಅವೆಲ್ಲ ಒಂದು ಕಂಟ್ರೋಲರ್ ಕಾರ್ಡಿಗೆ ಜೋಡಿಸಿದ್ದವು. ಕಾರ್ಡು ಒಂದೊಂದು ಹಾಡನ್ನೂ ಚೂರು ಮಾಡಿ ಎಲ್ಲ ಡಿಸ್ಕುಗಳಿಗೂ ಹಂಚಿಟ್ಟಿತ್ತು. ಡಿಸ್ಕು ಬಿಚ್ಚಿ ಬೇರೆ ಕಡೆ ಹಾಕಿದರೆ ಬರೀ ಚೂರು ಸಿಗುತ್ತವೆ. ಕಾರ್ಡನ್ನೇ ಕಿತ್ತು ಸಾದಾ ಕಂಪ್ಯೂಟರಿಗೆ ಹಾಕಿದರೆ ಅದು ಕಣ್ಣೇ ಬಿಡಲಿಲ್ಲ. ಉಳಿದ ದಾರಿ ಒಂದೇ. ಆ ಹಳೆಯ ಯಂತ್ರದಲ್ಲೇ ಯಾರು ಬೇಕಾದರೂ ತಿದ್ದಬಹುದಾದ ಲಿನಕ್ಸ್ ತಂತ್ರಾಂಶ ಹಾಕಿ ಎಬ್ಬಿಸಬೇಕು, ಅದರಲ್ಲೇ ಆ ಕಾರ್ಡಿನ ಡ್ರೈವರ್ ನಡೆಯುವಂತೆ ಮಾಡಬೇಕು.

ಡ್ರೈವರ್ ಎಂದರೆ ದುಭಾಷಿ ಇದ್ದ ಹಾಗೆ. ಕಂಪ್ಯೂಟರಿನ ಮಾತು ಕಾರ್ಡಿಗೆ ಹೇಳಬೇಕು, ಕಾರ್ಡಿನ ಮಾತು ಕಂಪ್ಯೂಟರಿಗೆ ಹೇಳಬೇಕು. ಆ ಕಾರ್ಡಿಗೆ ಒಂದು ಡ್ರೈವರ್ ಇತ್ತು, ಆದರೆ ಅದನ್ನು ಬರೆದವರು ಸಾದಾ ಕಂಪ್ಯೂಟರುಗಳನ್ನಷ್ಟೇ ಕಂಡವರು. ನಮ್ಮ ಯಂತ್ರದಲ್ಲಿ ಓಡಿಸಿದರೆ ಕಾರ್ಡು ಕಾಣುತ್ತಿತ್ತು, ಡಿಸ್ಕು ಕಾಣುತ್ತಿರಲಿಲ್ಲ. ಕಂಡ ಒಂದೆರಡು ಸಲವೂ ಡಿಸ್ಕಿನ ಅಳತೆ ಹುಚ್ಚುಹುಚ್ಚಾಗಿ ಬಂದು, ಯಂತ್ರ ಅಲ್ಲೇ ಗಕ್ಕನೆ ನಿಲ್ಲುತ್ತಿತ್ತು.

ಕಾಲೇಜು ಬಿಟ್ಟೊಡನೆ ಬಸ್ಸು ಹಿಡಿಯುತ್ತಿದ್ದೆ. ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ, ಹಾಗಾಗಿ ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯನ್ನು ದತ್ತಾನ ಕಟ್ಟೆಯ ಮೇಲೆ ಬೆಳಕಿರುವಾಗಲೇ ನುಂಗಿ ಮತ್ತೆ ಕೀಬೋರ್ಡಿಗೆ ಬೀಳುತ್ತಿದ್ದೆ. ಡ್ರೈವರಿನಲ್ಲಿ ಒಂದು ಸಾಲು ತಿದ್ದಿದರೆ ಆ ಮುದಿ ಯಂತ್ರ ಅದನ್ನು ಅರಗಿಸಿಕೊಳ್ಳಲು ಒಂದು ಬಸ್ಸು ಚಿಕ್ಕೋಡಿಗೆ ಹೋಗಿ ತಿರುಗಿ ಬರುವಷ್ಟು ಹೊತ್ತು ಬೇಕು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ನಾನು ಕೋಣೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಿದ್ದೆ. "ಮ್ಯಾಡಮ್, ಸ್ವಲ್ಪ ಕೂತ್ಕೊಳ್ರಿ, ನೆಲಾ ಸವದು ಹೋಗ್ತೈತಿ" ಎನ್ನುತ್ತಿದ್ದ ದತ್ತಾ. ಲಗಮಪ್ಪ ಮಾತ್ರ ಅಲುಗಾಡದೆ ಕುಳಿತಿರುತ್ತಿದ್ದ. ಅವನ ಸಮಾಧಾನ ಕಂಡು ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು. ನಾನು ಹೇಳಿದ ವಾರ ಎಂದೋ ಕಳೆದಿತ್ತು.

ಮಳೆ ಹಿಡಿದುಕೊಂಡಿತು. ಬೇಡಕಿಹಾಳದಲ್ಲಿ ಕೆಸರು ತುಳಿದು ತುಳಿದು ಕುರಿಗಳ ಗೊರಸು ಕೊಳೆಯತೊಡಗಿದ್ದವು. ಬಾಳವ್ವ ಬಂದಾಗೊಮ್ಮೆ ಮೊದಲು ಯಂತ್ರದ ಮುಖ ನೋಡುವಳು, ಆಮೇಲೆ ನನ್ನ ಮುಖ. ಏನಾಯಿತು ಎಂದು ಕೇಳುತ್ತಲೂ ಇರಲಿಲ್ಲ. ಕೇಳಿ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ತಾಳಿದವರು ಬಾಳ್ಯಾರು" ಎಂದು ಅವ್ವ ಮನೆಯಲ್ಲಿ ಅಂದಾಗ, "ಕುರಿ ಕಾಲು ತಾಳಬೇಕಲ್ಲ ಬೇ" ಎಂದು ಹರಿಹಾಯ್ದೆ.

ಆಗ ನಡೆದದ್ದು ಫೋನ್ ನಂಬರಿನ ಪ್ರಸಂಗ. ಬಾಳವ್ವನಿಗೆ ಯಾರೋ ಒಂದು ಮೊಬೈಲು ಕೊಟ್ಟಿದ್ದರು. ಅದರ ನಂಬರನ್ನು ದತ್ತಾ ಮರಾಠಿಯಲ್ಲಿ, ಎರಡೆರಡು ಅಂಕಿ ಜೋಡಿಸಿ ಹೇಳಿದ, ನಾನು ಬರೆದುಕೊಂಡೆ. ಮರುದಿನ ಮಾಡಿದರೆ ಯಾರೋ ಗಂಡಸು ಎತ್ತಿ, "ಕುರಿನೂ ಇಲ್ಲ ಗಿರಿನೂ ಇಲ್ಲ, ಇಡ್ರಿ ಫೋನ್" ಎಂದು ಗದರಿದ. ನಾನು ಹೋಗಿ ದತ್ತಾನ ಮೇಲೆ ರೇಗಿದೆ. ಅವನು ನನ್ನ ಚೀಟಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾ ಸತ್ತೇಚಾಳೀಸ ಅಂದ್ರ ನೀವು ಎಪ್ಪತ್ನಾಕು ಬರದೀರಲ್ರಿ!"

ಗಡಿಯಲ್ಲಿ ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು ಇದು. ನಲವತ್ತೇಳು ಎನ್ನುವಾಗ ನಾವು ಕನ್ನಡದವರು ನಲವತ್ತನ್ನು ಮೊದಲು ಹೇಳುತ್ತೇವೆ, ಏಳನ್ನು ಆಮೇಲೆ. ಮರಾಠಿಯಲ್ಲಿ ಏಳು ಮೊದಲು, ನಲವತ್ತು ಆಮೇಲೆ. ಪೂರ್ತಿ ಕೇಳಿ ಬರೆಯುವವರಿಗೆ ತೊಂದರೆಯಿಲ್ಲ. ನನ್ನಂಥ ಅವಸರದವಳು ಏಳು ಕಿವಿಗೆ ಬಿದ್ದ ಕೂಡಲೇ ಏಳು ಬರೆದಿಟ್ಟು, ಅದರ ಮುಂದೆ ನಾಲ್ಕು ಬರೆಯುತ್ತಾಳೆ.

"ನಗಬ್ಯಾಡೋ" ಎಂದು ಬಾಯಿ ತೆರೆದವಳು ಅಲ್ಲೇ ನಿಂತೆ. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಯಂತ್ರದೊಳಗೆ ನಡೆಯುತ್ತಿದ್ದದ್ದೂ ಅದೇ. ಸಾದಾ ಕಂಪ್ಯೂಟರು ದೊಡ್ಡ ಅಂಕಿಯನ್ನು ತುಂಡು ಮಾಡಿ ಇಡುವಾಗ ಚಿಕ್ಕ ಭಾಗವನ್ನು ಮೊದಲು ಇಡುತ್ತದೆ, ಮರಾಠಿಯ ಹಾಗೆ. ನಮ್ಮ ಹಳೆಯ ಯಂತ್ರ ದೊಡ್ಡ ಭಾಗ ಮೊದಲು ಇಡುತ್ತದೆ, ಕನ್ನಡದ ಹಾಗೆ. ಕಾರ್ಡು ಮರಾಠಿಯಲ್ಲಿ ಡಿಸ್ಕಿನ ಅಳತೆ ಹೇಳುತ್ತಿತ್ತು, ಡ್ರೈವರು ಅದನ್ನು ತಿರುಗಿಸದೆ ಕನ್ನಡದ ಯಂತ್ರಕ್ಕೆ ಹಾಗೇ ಒಪ್ಪಿಸುತ್ತಿತ್ತು. ಈ ಎರಡು ಜಾತಿಯ ಎಣಿಕೆ ನಾನೇ ವರ್ಷವರ್ಷ ಹುಡುಗರಿಗೆ ಕಲಿಸುವ ಪಾಠ. ಆದರೆ ಈ ಭಾಗವನ್ನು ಯಾರೋ ಆಗಲೇ ಸರಿಮಾಡಿದ್ದಾರೆಂದು ನಂಬಿ, ಬೇರೆ ಕಡೆಯೆಲ್ಲ ಹುಡುಕಿ ಸಾಯುತ್ತಿದ್ದೆ.

ಕುಳಿತು ತಿದ್ದಿದೆ. ಅವಸರ ಬಿಟ್ಟೀತೇ? ಸಿಕ್ಕ ಸಿಕ್ಕಲ್ಲೆಲ್ಲ ಅಂಕಿಗಳನ್ನು ತಿರುಗಿಸಿದೆ. ಡಿಸ್ಕುಗಳೇನೋ ಅಳತೆ ಸರಿಯಾಗಿ ಎದ್ದು ಬಂದವು. ಫೈಲಿನ ಹೆಸರುಗಳು ಮಾತ್ರ ಬರಲಿಲ್ಲ. ತಡೆಯಲಾರದೆ ಡಿಸ್ಕಿನಿಂದ ಕಣ್ಣಿಗೆ ಬಿದ್ದ ಒಂದು ತುಂಡನ್ನೇ ಎಳೆದು ಸ್ಪೀಕರಿಗೆ ಕೊಟ್ಟೆ. ಶ್ಶ್ ಎಂದು ಒಂದೇ ಸಮನೆ ಭೋರ್ಗರೆತ. ಬಾಳವ್ವ ಬಾಗಿಲಲ್ಲಿ ನಿಂತಿದ್ದಳು.

"ಮಳಿ ಬಂದಂಗ ಆತಲ್ರಿ ಬಾಯಾರ" ಎಂದಳು. ಆಮೇಲೆ ಮೆಲ್ಲಗೆ, "ಇದರಾಗ ಅದಾರೇನ್ರಿ ಇವರು?"

ಸ್ಪೀಕರ್ ಆರಿಸಿದೆ. "ಅದಾರ ಬಾಳವ್ವಾ. ಇನ್ನೊಂದೀಟು ತಡಿ" ಎಂದೆ. ತಡೆ ಎಂಬ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ದತ್ತಾ ಕಣ್ಣರಳಿಸಿದ.

ಅಂದು ಬಸ್ಸಿನಲ್ಲಿ ತಲೆ ತಣ್ಣಗೆ ಮಾಡಿಕೊಂಡು ಯೋಚಿಸಿದೆ. ಕಾರ್ಡಿನ ಜೊತೆ ಆಡುವ ಮಾತನ್ನು ತಿರುಗಿಸಬೇಕು, ಡಿಸ್ಕಿನಲ್ಲಿದ್ದ ಹಾಡನ್ನು ಮುಟ್ಟಲೇಬಾರದು. ದುಭಾಷಿಯಾದವನು ಚೀಲದೊಳಗಿನ ಕಾಳಿಗೂ ಕೈಹಾಕಿ ಕಲಸಬಾರದು. ನಾನು ದನಿಯನ್ನೂ ತಿರುವಿಹಾಕಿದ್ದೆ. ಮರುದಿನ ಒಂದೊಂದೇ ಸಾಲು ಓದಿ, ಬೇಡವಾದ ಕಡೆ ತಿರುಗಿಸಿದ್ದನ್ನು ಮೊದಲಿನಂತೆ ಮಾಡಿದೆ. ಯಂತ್ರ ತನ್ನ ಪಾಡಿಗೆ ಗುರ್ ಎನ್ನುತ್ತಿತ್ತು. ಲಗಮಪ್ಪ ಕೋಲಿನ ಮೇಲೆ ಗದ್ದ ಊರಿ ನೋಡುತ್ತಿದ್ದ. ಪರದೆಯ ಮೇಲೆ ಫೈಲಿನ ಹೆಸರುಗಳು ಸಾಲಾಗಿ ಇಳಿದವು. ಒಂದನ್ನು ಒತ್ತಿದೆ.

ಡುರ್ರ್... ಹೋಽಽ!

ತತ್ತಿಯ ಟ್ರೇಗಳ ಆ ಕೋಣೆ ತುಂಬಿಹೋಯಿತು. ದತ್ತಾ "ಅರೇ ದೇವಾ" ಎಂದು ಕೈ ಮುಗಿದ. ನಾನು ಕುರ್ಚಿಯಿಂದ ಎದ್ದು ಕುಣಿದೇಬಿಟ್ಟೆ. ಬಾಳವ್ವ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋಗಿಬಿಟ್ಟಳು. ಲಗಮಪ್ಪ ತಲೆ ತಗ್ಗಿಸಿ ಕೇಳಿದ, ತನ್ನ ಕೊರಳಿನ ಅರಿವೆಯನ್ನು ಒಮ್ಮೆ ಮುಟ್ಟಿಕೊಂಡ, ಮತ್ತೊಮ್ಮೆ ಹಚ್ಚು ಎಂದು ಕೋಲು ಕುಟ್ಟಿದ.

ಆ ಭಾನುವಾರ ಬೆಳಗ್ಗೆ ಬೇಡಕಿಹಾಳಕ್ಕೆ ಹೋದೆವು. ಮಳೆ ನಿಂತಿತ್ತು. ದತ್ತಾ ಮದುವೆಗೆ ಬಾಡಿಗೆ ಕೊಡುವ ದೊಡ್ಡ ಸ್ಪೀಕರ್ ತಂದು ಹಿಂಡಿನ ಎದುರಿಗೇ ನಿಲ್ಲಿಸಿದ. ನಾನು ಕೂಗುಗಳನ್ನೆಲ್ಲ ಒಂದರ ಹಿಂದೊಂದು ಸೇರಿಸಿ, ನಡುವೆ ಉಸಿರಾಡಲೂ ಜಾಗವಿಲ್ಲದಂತೆ ಮಾಡಿಕೊಂಡು ಬಂದಿದ್ದೆ. ಹೆಚ್ಚು ಕೂಗಿದರೆ ಬೇಗ ಬಂದಾವು ಎಂಬುದು ನನ್ನ ಲೆಕ್ಕ. ಹಚ್ಚಿದ ಕೂಡಲೇ ಇಡೀ ಹಿಂಡು ಬೆದರಿ ಕಬ್ಬಿನ ಗದ್ದೆಗೆ ನುಗ್ಗಿತು. ಅವನ್ನು ಹೊರಗೆಳೆಯುವಷ್ಟರಲ್ಲಿ ಎಲ್ಲರ ಕೈಮೈ ಕಬ್ಬಿನ ಗರಿಯಿಂದ ಗೀರಿತ್ತು.

"ಕುರಿ ಏನ ಮಂದೀನ, ರೆಕಾರ್ಡ ಕೇಳಿ ಬರಾಕ?" ಎಂದ ಮೈದುನ. "ವೈನೀ, ನಾಳಿಗೆ ಟೆಂಪೋ ಹೇಳ್ತೀನಿ. ಸಾಕಿನ್ನ." ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ನಾನು ಕೆಸರಿನಲ್ಲೇ ಅತ್ತಿಂದಿತ್ತ ನಡೆದೆ. ಯಾರನ್ನು ಬೈಯಲಿ? ಡ್ರೈವರು ತನ್ನ ಕೆಲಸ ಮಾಡಿತ್ತು.

ಲಗಮಪ್ಪ ಬಂದು ಅಡ್ಡ ನಿಂತ. ನನ್ನ ಕೈಯ ಮೊಬೈಲು ತೋರಿಸಿದ. ಒಂದು ಬೆರಳೆತ್ತಿ ಒಂದೇ ಕೂಗು ಎಂದ. ಆಮೇಲೆ ಅಂಗೈಯನ್ನು ನೆಲದ ಕಡೆಗೆ ಹಿಡಿದು ಬಹಳ ಹೊತ್ತು ಹಾಗೇ ಇಟ್ಟ. ಮತ್ತೆ ಒಂದು ಬೆರಳು. ಕೂಗು, ಸುಮ್ಮನಿರು, ಕೂಗು. "ಅಷ್ಟು ಖಾಲಿ ಯಾಕ ಲಗಮಪ್ಪಾ?" ಎಂದೆ. ಅವನು ಮತ್ತೆ ಅದೇ ಅಂಗೈ ತೋರಿಸಿದ. ನನಗೆ ಅರ್ಥವಾಗದಿದ್ದರೂ ಅಲ್ಲೇ ಕುಳಿತು, ಅವನು ಅಂಗೈ ಹಿಡಿದಷ್ಟು ಹೊತ್ತು ಬಿಟ್ಟು ಬಿಟ್ಟು ಕೂಗುವಂತೆ ಮಾಡಿಕೊಟ್ಟೆ.

ಅವನು ಮೊಬೈಲನ್ನು ಅಂಗಿಯ ಎದೆಜೇಬಿನಲ್ಲಿ ಇಟ್ಟುಕೊಂಡ. ಮೇಲೆ ಕಂಬಳಿ ಹೊದ್ದ. ಸ್ಪೀಕರ್ ಹಚ್ಚಿದಾಗ ನಾವು ಹಿಂಡಿನ ಮುಖಕ್ಕೆ ಮುಖ ಕೊಟ್ಟು ನಿಂತಿದ್ದೆವು. ಅವನು ಹಿಂಡಿಗೆ ಬೆನ್ನು ಹಾಕಿದ, ದಿನವೂ ನಡೆಯುವವನಂತೆ ಹಾದಿಗಿಳಿದು ನಡೆಯತೊಡಗಿದ. ಒದ್ದೆ ಕಂಬಳಿಯೊಳಗಿಂದ ಕೂಗು ಎದ್ದಿತು, ಸ್ಪೀಕರಿನ ಅಬ್ಬರವಿಲ್ಲದೆ, ಒಬ್ಬ ಮನುಷ್ಯನ ಎದೆಯಿಂದ ಬಂದಷ್ಟೇ. ಕಿವಿ ಹರಿದ ಒಂದು ಮುದಿ ಕುರಿ ಮೇಯುವುದನ್ನು ಬಿಟ್ಟು ತಲೆ ಎತ್ತಿತು. ಎರಡು ಹೆಜ್ಜೆ ಇಟ್ಟು ನಿಂತಿತು. ಮತ್ತೆ ಕೂಗು. ಈಗ ಅದು ನಿಲ್ಲಲಿಲ್ಲ. ಅದರ ಹಿಂದೆ ಇನ್ನೊಂದು, ಆಮೇಲೆ ಇಡೀ ಹಿಂಡು ಒಂದಕ್ಕೊಂದು ಮೈ ಉಜ್ಜುತ್ತ ಕಬ್ಬಿನ ಅಂಚು ಬಿಟ್ಟು ಹಾದಿಗೆ ಬಿತ್ತು. ಮೈದುನ ಬಾಯಿ ತೆರೆದುಕೊಂಡು ನಿಂತ.

ಬಾಳವ್ವ ಕಟ್ಟಕಡೆಗೆ ಹೋಗಿ ಸೇರಿಕೊಂಡಳು. ಕುಂಟುತ್ತಿದ್ದ ಒಂದು ಮರಿಯನ್ನು ಎತ್ತಿ ಬಗಲಿಗೆ ಹಾಕಿಕೊಂಡಳು. ಹಿಂದೆ ತಿರುಗಿ ನೋಡಿದಳು, ಯಾವುದೂ ಉಳಿದಿರಲಿಲ್ಲ. ಮುಂದಿನಿಂದ ಮತ್ತೊಮ್ಮೆ ಕೂಗು ಬಂದು, ಲಗಮಪ್ಪ ನನ್ನಿಂದ ಮಾಡಿಸಿಕೊಂಡ ಆ ಖಾಲಿ ಜಾಗ ಬಂತು.

"ಬಂದಾವೋ!" ಎಂದು ಬಾಳವ್ವ ಕೂಗಿದಳು.

ಮುಂದೆ ಲಗಮಪ್ಪ ತಿರುಗಿ ನೋಡಲಿಲ್ಲ. ಕೋಲನ್ನು ಒಮ್ಮೆ ಮೇಲೆತ್ತಿ ಇಳಿಸಿದ, ನಡೆದ. ನನಗೆ ಅಳು ಉಕ್ಕಿ ಬಂತು, ಎಲ್ಲರೆದುರಿಗೇ ಅತ್ತೆ. ಆ ಕೂಗನ್ನು ಬಾಳವ್ವನ ಮೊಬೈಲಿಗೆ ಹಾಕಿಕೊಟ್ಟು, ಅವರು ಅಥಣಿಯ ಕಡೆಗೆ ಹೊರಟ ದಿನವೂ ಹೋಗಿದ್ದೆ. ಸ್ವಲ್ಪ ಹೊತ್ತು ನೋಡಿ ಕಾಲೇಜಿಗೆ ಓಡೋಣವೆಂದು ಹೋದವಳು, ಕೂಗು ಕೇಳದಾದ ಮೇಲೂ, ಅದಕ್ಕೆ ಬಾಳವ್ವನ ಉತ್ತರ ಕೇಳದಾಗುವವರೆಗೂ ಹಾದಿಯ ಅಂಚಿನಲ್ಲಿ ನಿಂತಿದ್ದೆ. ಅಷ್ಟು ಹೊತ್ತು ನಾನು ಒಂದೇ ಕಡೆ ನಿಂತದ್ದು ಅದೇ ಮೊದಲು.